ಆರದ ಬೆಂಕಿಗೆ ಕಟ್ಟಿಗೆ

ಬೆನ್ನು ಬೆಚ್ಚಗಾಯಿತು, ಉಚ್ಚೆ ಹೊಯ್ದುಬಿಟ್ಟಳು ಬೆನ್ನಿಗೆ ಕಟ್ಟಿಕೊಂಡ ಕೂಸು ಮಹಾರಾಯಿತಿ, ಇವತ್ತೇ ಆಗಬೇಕಿತ್ತೇ ನಿನಗೆ, ನಾದಿನಿಯ ಹತ್ತಿರ ಕೇಳಿ ತಂದ ರವಿಕೆ, ಬಿಸಿ ಬೆನ್ನುಮೂಳೆಯ ಗುಂಟ ಇಳಿದು ಸೊಂಟದ ಹತ್ತಿರ ನಿಂತು ಆಗಲೇ ತಣ್ಣಗಾಗುತ್ತಿದೆ, ಇರಲಿ, ಹೊಯ್ಯಲಿ, ಉಸಿರಿರುವವರು ತಾನೇ ಹೊಯ್ಯುವುದು, ದೇವರೇ ಈ ಒದ್ದೆಗೂ ನಿನಗೆ ವಂದನೆ — ತಗಡಿನ ಮೇಲೆ ಚಿಪೆರೋನಿ ಜಿನುಗುತ್ತಿದೆ, ಚಳಿಗಾಲದ ಈ ಜಡಿಗೆ ಮಳೆ ಅನ್ನುವ ಮರ್ಯಾದೆಯೂ ಇಲ್ಲ, ಮುಂದೆ ಸಭೆಯ ಹಿರಿಯ ಸೈಲೆಸಿ ಪೀಠದಲ್ಲಿ ನಿಂತು ನರಕದ ವಿಷಯ ಹೇಳುತ್ತಿದ್ದಾರೆ, ಇವತ್ತು ನರಕವೇ ಯಾಕೆ ಅಂದರೆ ಇವತ್ತು ನಾನಿದ್ದೇನಲ್ಲ, ಕಡೆಯ ಬೆಂಚಿನಲ್ಲಿ, ಸಭೆ ಹೊರಗಿಟ್ಟವರ ಬೆಂಚಿನಲ್ಲಿ, ಹೊರಗಿಟ್ಟವರಿಗೆ ಗಂಡಸರ ಕಡೆ ಹೆಂಗಸರ ಕಡೆ ಅಂತ ಭೇದವಿಲ್ಲ, ಪಕ್ಕದಲ್ಲಿ ಎರಡನೆಯವಳನ್ನು ಕಟ್ಟಿಕೊಂಡ ಬೆಸ್ಟಿನಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾನೆ, ಎರಡು ಮನೆಯ ಬೈಗುಳ ತಿನ್ನುವವನು ಪಾಪ, ಭಾನುವಾರ ಒಂದೇ ಅವನಿಗೆ ಬಿಡುವು. ಉಪದೇಶ ಮುಗಿದ ಮೇಲೆ ನನ್ನನ್ನು ಕರೆಯುತ್ತಾರೆ. ಮಾಲಿತಾ, ಅವ್ವನ ಗೋರಿ ಹತ್ರ ನೀನು ಆಡಿದ ಮಾತು ತಪ್ಪು ಅಂತ ಒಪ್ಕೊಳ್ತೀಯಾ ಅಂತ ಸೈಲೆಸಿ ಕೇಳುತ್ತಾರೆ, ಹೌದು ಅಂದರೆ ಸಭೆ ನನ್ನನ್ನು ಒಳಗೆ ತೆಗೆದುಕೊಳ್ಳುತ್ತದೆ, ಬೆನ್ನ ಮೇಲಿನ ಈ ಕೂಸಿಗೆ ದೀಕ್ಷಾಸ್ನಾನದ ನೀರು ಬೀಳುತ್ತದೆ, ಅವ್ವನ ಹೆಸರು ಬೀಳುತ್ತದೆ, ಎಲೂಬೆ. ಇಲ್ಲ ಅಂದರೆ ನೀರೂ ಇಲ್ಲ ಹೆಸರೂ ಇಲ್ಲ. ನಾನು ಅವತ್ತು ಆಡಿದ್ದು ಇಷ್ಟೇ, ನರಕ ಅಂತ ಒಂದಿದ್ದರೆ ಅದು ಇಲ್ಲೇ, ನಮ್ಮವ್ವ ಅದನ್ನು ಮುಗಿಸಿಕೊಂಡೇ ಮಣ್ಣಿಗೆ ಹೋದಳು, ಸತ್ತ ಮೇಲೆ ಯಾರಿಗೂ ಯಾವ ನರಕವೂ ಇಲ್ಲ. ಅದು ತಪ್ಪು ಅಂದರೆ ಅವ್ವ ಈಗ ಬೆಂಕಿಯಲ್ಲಿದ್ದಾಳೆ ಅಂತ ನನ್ನ ಬಾಯಿಂದ ನಾನೇ ಹೇಳಿದ ಹಾಗಾಯಿತು. ಹಾಗೆ ಹೇಳಿ, ಅದೇ ಬಾಯಲ್ಲಿ ಮಗಳನ್ನು ಅವಳ ಹೆಸರಿನಿಂದ ಕರೆಯಬೇಕು.

ಆರದ ಬೆಂಕಿ ಅನ್ನುತ್ತಿದ್ದಾರೆ ಸೈಲೆಸಿ, ಆರದ ಬೆಂಕಿ ಅಂದಾಗಲೆಲ್ಲ ಕೈ ಮೇಲೆತ್ತುತ್ತಾರೆ, ಕೋಟಿನ ತೋಳು ಹರಿದಿದ್ದು ಕಾಣುತ್ತದೆ, ಹೆಂಡತಿ ಹೋದ ಮೇಲೆ ಹೊಲಿದು ಕೊಡುವವರಿಲ್ಲ — ನಾನು ಚಿಕ್ಕವಳಿದ್ದಾಗ ಭಾನುವಾರದ ಶಾಲೆಯಿಂದ ಓಡಿ ಬಂದು, ಅವ್ವಾ, ನರಕದಲ್ಲಿ ಬೆಂಕಿ ಆರೋದೇ ಇಲ್ಲವಂತೆ ಅಂದೆ, ಮೆಕ್ಕೆಜೋಳದ ತೌಡು ಹರವುತ್ತಿದ್ದ ಅವ್ವ ಸೊಂಟ ಹಿಡಿದು ನೆಟ್ಟಗಾದಳು, ಆರೋದೇ ಇಲ್ವಾ, ಹಂಗಾದ್ರೆ ಕಟ್ಟಿಗೆ ಯಾರು ತರ್ತಾರಂತೆ, ಕೇಳ್ಕೊಂಡು ಬಂದ್ಯಾ, ಇಲ್ಲವ್ವಾ, ಕೇಳಲಿಲ್ಲ, ಮುಂದಿನ ವಾರ ಕೇಳು, ಆರದ ಬೆಂಕಿ ಅಂದ್ರೆ ಹಗಲೂ ರಾತ್ರಿ ಹೊರೆ ಹೊರಬೇಕು, ಗಂಡಸರಂತೂ ಹೊರಲ್ಲ, ಸೈತಾನನೂ ಗಂಡಸೇ, ಕಾಲು ಚಾಚ್ಕೊಂಡು ಕೂತು ಇನ್ನೊಂದು ಹೊರೆ ತಾ ಅಂತಾನೆ, ಅಲ್ಲೂ ನಾವೇ ಹೊರೋದಾದ್ರೆ ಇಲ್ಲಿಗೂ ಅಲ್ಲಿಗೂ ಏನೇ ವ್ಯತ್ಯಾಸ. ನಾನು ಮುಂದಿನ ವಾರ ಕೇಳಿಯೂ ಬಿಟ್ಟೆ, ಇದೇ ಸೈಲೆಸಿಯನ್ನು, ಆಗ ಅವರು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ತಲೆ ಕಪ್ಪಗಿತ್ತು, ಕಿವಿ ಹಿಂಡಿದರು, ಹಿಂಡಿದ ಮೇಲೆ ಅವರಿಗೇ ನಗು ಬಂದು ಮುಖ ಗೋಡೆಯ ಕಡೆ ಮಾಡಿಕೊಂಡರು, ನಾನು ನೋಡಿದೆ. ಕೆಟ್ಟ ಮನುಷ್ಯ ಅಲ್ಲ ಸೈಲೆಸಿ, ನರಕ ಇಲ್ಲದಿದ್ದರೆ ಊರು ಹತೋಟಿ ತಪ್ಪೀತು ಅನ್ನುವ ಭಯ ಅವರಿಗೆ, ಕುರಿ ಕಾಯುವವನಿಗೆ ಕೋಲು ಬೇಕೇ ಬೇಕಲ್ಲ.

ತೌಡು ಅಂದೆನಲ್ಲ, ಅದು ಕಚಾಸು ಸಾರಾಯಿಯ ಭಟ್ಟಿಗೆ, ತೌಡು ಸಕ್ಕರೆ ನೀರು ಡ್ರಮ್ಮಿನಲ್ಲಿ ಕೊಳೆತು ಹುಳಿ ಬಂದ ಮೇಲೆ ಕೆಳಗೆ ಬೆಂಕಿ, ಮೇಲೆ ನಳಿಗೆ, ಬೆಳಗಿನಿಂದ ಬೈಗಿನವರೆಗೆ ಅವ್ವ ಹೊಗೆಯಲ್ಲಿ, ಉರಿ ಹೆಚ್ಚಾದರೆ ಸಾರಾಯಿ ಸೀದು ಹೋಗುತ್ತದೆ, ತಗ್ಗಿದರೆ ಇಳಿಯುವುದೇ ಇಲ್ಲ, ಹಾಗಾಗಿ ಜಾಗ ಬಿಟ್ಟು ಕದಲುವಂತಿಲ್ಲ, ಕಣ್ಣು ಸದಾ ಕೆಂಪು, ರೆಪ್ಪೆಯ ಕೂದಲು ಸುಟ್ಟು ಸುಟ್ಟು ಹುಟ್ಟುವುದನ್ನೇ ಬಿಟ್ಟಿತ್ತು, ರೆಪ್ಪೆ ಇಲ್ಲದ ಆ ಕಣ್ಣಿನಿಂದ ನನ್ನನ್ನು ನೋಡಿ ನಗುತ್ತಿದ್ದಳು. ಮೊದಲೇನು ಹೀಗಿರಲಿಲ್ಲ, ಸಭೆಯ ಹೆಂಗಸರ ಮಂಡಳಿಯ ಬಿಳಿ ತಲೆವಸ್ತ್ರ ಕಟ್ಟಿಕೊಂಡು ಮೊದಲ ಸಾಲಿನಲ್ಲಿ ಹಾಡುತ್ತಿದ್ದವಳು, ಅಪ್ಪ ಜೋನಿಗೆ ಹೋದ, ಜೋಹಾನ್ಸ್‌ಬರ್ಗಿನ ಗಣಿಗೆ, ಅಲ್ಲಿಂದ ಒಂದು ರೇಡಿಯೋ ಕಳಿಸಿದ, ಬ್ಯಾಟರಿ ಕಳಿಸಲಿಲ್ಲ, ಆಮೇಲೆ ಅವನ ಸುದ್ದಿಯೂ ಇಲ್ಲ, ಅದರ ಬೆನ್ನಿಗೇ ಹಸಿವಿನ ವರ್ಷ, ಹಸಿ ಮಾವಿನಕಾಯಿ ಬೇಯಿಸಿ ತಿಂದ ವರ್ಷ, ತಮ್ಮ ಯೋಹಾನೆ ಮಲಗಿದಲ್ಲೇ ಉಪ್ಪು ಕೇಳಿದ, ಉಪ್ಪಿತ್ತು, ಅದನ್ನು ಹಾಕುವುದಕ್ಕೆ ಏನೂ ಇರಲಿಲ್ಲ, ಅವ್ವ ಅವನ ನಾಲಿಗೆಯ ಮೇಲೆ ಬರೀ ಉಪ್ಪಿಟ್ಟಳು, ಅವನು ಚಪ್ಪರಿಸಿದ, ಅಷ್ಟೇ. ಅವನಿಗೆ ಗಂಟೆ ಬಾರಿಸಿದರು, ಮಾವಿನ ಮರಕ್ಕೆ ತೂಗಿಹಾಕಿದ ಲಾರಿ ಚಕ್ರದ ಬಳೆ ಅದು, ಊರೆಲ್ಲ ಕೇಳುವ ಹಾಗೆ ಬಾರಿಸಿದರು, ಮಣ್ಣು ಮಾಡಿ ಬಂದ ವಾರವೇ ಅವ್ವ ಎಲ್ಲಿಂದಲೋ ಒಂದು ಡ್ರಮ್ಮು ಉರುಳಿಸಿಕೊಂಡು ಬಂದಳು, ಉಳಿದಿರೋ ಮಕ್ಕಳ ನಾಲಿಗೆ ಮೇಲೆ ನಾನು ಬರೀ ಉಪ್ಪಿಡಲ್ಲ ಅಂದಳು. ಇಡಲಿಲ್ಲ. ಅವತ್ತಿನಿಂದ ನಾನು, ನನ್ನ ತಂಗಿ, ಒಂದು ಹೊತ್ತೂ ಹಸಿದು ಮಲಗಲಿಲ್ಲ, ನ್ಸೀಮಾ ಮುದ್ದೆ, ಕುಂಬಳದ ಸೊಪ್ಪು, ಶನಿವಾರ ಒಣಮೀನು, ಶಾಲೆಗೆ ಇಸ್ತ್ರಿ ಮಾಡಿದ ಲಂಗ, ಅವ್ವಾ ನಿನಗೆ ಹೇಗೆ ವಂದನೆ ಹೇಳಲಿ, ನಾನು ಓದಿದ ಒಂದೊಂದು ಅಕ್ಷರಕ್ಕೂ ನಿನ್ನ ಹೊಗೆಯ ವಾಸನೆ ಇತ್ತು, ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಗ ನಾಚಿಕೆಯಾಗುತ್ತಿತ್ತು, ಈಗ ಎಲ್ಲಾದರೂ ಸೀದ ತೌಡಿನ ವಾಸನೆ ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಸಭೆ ಅವಳನ್ನು ಹೊರಗಿಟ್ಟಿತು, ಅವಳು ಹೊರಗೆ ಹೋಗಲಿಲ್ಲ, ಸಾಯುವವರೆಗೆ ಪ್ರತಿ ಭಾನುವಾರ ಈ ಬೆಂಚಿನಲ್ಲೇ ಕೂತಳು, ಈ ಮರ ಇಷ್ಟು ನುಣ್ಣಗಾಗಿದ್ದರಲ್ಲಿ ಅರ್ಧ ಅವಳ ಪಾಲು.

ಕೂಸು ಕಾಲು ಝಾಡಿಸುತ್ತಿದೆ, ಶ್ ಶ್, ಇನ್ನೊಂದು ಚೂರು ಮಲಗು — ಮುಂದಿನ ಸಾಲಿನಲ್ಲಿ ಬಿಳಿ ತಲೆವಸ್ತ್ರಗಳು, ಮಧ್ಯದಲ್ಲಿ ಅಗಲವಾದ ಆ ಹೆಗಲು ಲೊಫಿನಾ ಅಕ್ಕನದು, ಮಂಡಳಿಯ ಅಧ್ಯಕ್ಷೆ, ಒಂದು ಸಲವೂ ತಿರುಗಿ ನೋಡಿಲ್ಲ. ಅವಳ ಗಂಡ ಡೈಮೋನಿ ನಮ್ಮ ಅಂಗಳದಲ್ಲೇ ಕುಡಿಯುತ್ತಿದ್ದ, ಒಳ್ಳೆ ಹಾಡುಗಾರ, ಕುಡಿದ ಮೇಲೆ ಇನ್ನೂ ಒಳ್ಳೆ ಹಾಡುಗಾರ, ಇಂಥದೇ ಚಿಪೆರೋನಿಯ ಒಂದು ಬೆಳಿಗ್ಗೆ ಹಳ್ಳದ ಬದಿಯಲ್ಲಿ ಮಲಗಿದ್ದವನು ಏಳಲಿಲ್ಲ, ಲೊಫಿನಾ ಅಕ್ಕ ನಮ್ಮ ಅಂಗಳಕ್ಕೆ ಬಂದು ನಿಂತಳು, ಕಂಕುಳಲ್ಲಿ ಮಗು, ಬೈಯಲಿಲ್ಲ, ಅಳಲಿಲ್ಲ, ಒಲೆಯ ಬೂದಿಯನ್ನು ಬೊಗಸೆಯಲ್ಲಿ ತುಂಬಿ ಡ್ರಮ್ಮಿನೊಳಗೆ ಸುರಿದಳು, ಮತ್ತೊಂದು ಬೊಗಸೆ, ಮತ್ತೊಂದು, ಅವ್ವ ಕೂತಲ್ಲೇ ನೋಡುತ್ತಿದ್ದಳು, ತಡೆಯಲಿಲ್ಲ. ಆಮೇಲೆ ಯಾವ ಹೆಂಗಸಾದರೂ ಬಂದು ನನ್ನ ಗಂಡನಿಗೆ ಕೊಡಬೇಡ ಅಂದರೆ ಅವ್ವ ಅವನಿಗೆ ಕೊಡುತ್ತಿರಲಿಲ್ಲ, ಆದರೆ ಭಟ್ಟಿ ನಿಲ್ಲಿಸಲಿಲ್ಲ, ತಂಗಿಯ ಓದು ಮುಗಿಯುವವರೆಗೆ ನಿಲ್ಲಿಸಲಿಲ್ಲ, ಮುಗಿದ ದಿನ ಡ್ರಮ್ಮು ಮಗುಚಿ ಹಾಕಿ ಅದರ ಮೇಲೆ ಕೂತು ಕಬ್ಬು ತಿಂದಳು. ಇನ್ನಾದ್ರೂ ತಪ್ಪಾಯ್ತು ಅಂದು ಸಭೆಗೆ ವಾಪಸ್ ಬಾ ಎಲೂಬೆ ಅಂತ ಸೈಲೆಸಿ ಬಂದು ಕರೆದರು, ಅವ್ವ ಅಂದಳು, ತಪ್ಪಾಯ್ತು ಅಂತ ಹೇಳೋದಿದ್ರೆ ಲೊಫಿನಾಗೆ ಹೇಳ್ಬೇಕು ಹಿರಿಯರೇ, ನಿಮಗ್ಯಾಕೆ, ನಿಮ್ಮ ಮನೇಲಿ ಯಾರು ಸತ್ರು. ಹೇಳಲಿಕ್ಕೆ ಹೊರಡುತ್ತಿದ್ದಳು, ತಲೆಗೆ ವಸ್ತ್ರ ಕಟ್ಟಿಕೊಂಡು, ಕೈಯಲ್ಲೊಂದು ಕುಂಬಳಕಾಯಿ ಹಿಡಿದುಕೊಂಡು, ಬಾವಿಯ ತಿರುವಿನವರೆಗೆ ಹೋಗಿ ಕುಂಬಳಕಾಯಿಯ ಸಮೇತ ವಾಪಸ್ ಬರುತ್ತಿದ್ದಳು, ಎಷ್ಟು ಸಲವೋ, ಆ ಕುಂಬಳಕಾಯಿ ನಾವೇ ಬೇಯಿಸಿ ತಿನ್ನುತ್ತಿದ್ದೆವು. ಒಂದು ಸಂಜೆ ಕೇಳಿದೆ, ಅವ್ವಾ, ನಿಂಗೆ ನರಕದ ಭಯ ಇಲ್ವಾ. ಅವ್ವ ಸೊಪ್ಪಿನ ನಾರು ತೆಗೆಯುತ್ತಾ ಅಂದಳು, ಯಾವ ನರಕ, ಲೊಫಿನಾ ದಿನಾ ಬೆಳಿಗ್ಗೆ ಕೊಡ ಹೊತ್ಕೊಂಡು ನಮ್ಮ ಅಂಗಳದ ಮುಂದೆ ಹೋಗ್ತಾಳಲ್ಲ, ಆಗ ನಾನು ತಲೆ ತಗ್ಗಿಸ್ತೀನಲ್ಲ, ಅದಕ್ಕಿಂತ ಬಿಸಿ ಇರುತ್ತಾ ಅದು. ನಾನೂ ನಾರು ತೆಗೆಯುವುದಕ್ಕೆ ಕೂತೆ.

ಹೋದ ಚಳಿಗಾಲದಲ್ಲಿ ಹೋದಳು, ಇವಳು ಆಗಷ್ಟೇ ಹೊಟ್ಟೆಯಲ್ಲಿ ನಿಂತಿದ್ದಳು, ಹೊರಗಿಟ್ಟವಳಾದ್ದರಿಂದ ಗಂಟೆ ಬಾರಿಸಲಿಲ್ಲ, ಪಾದ್ರಿ ಬರುವಂತಿಲ್ಲ, ಮಂಡಳಿಯವರು ಬಿಳಿ ವಸ್ತ್ರದಲ್ಲಿ ಬರುವಂತಿಲ್ಲ, ನಾನು ಹೆಣದ ತಲೆಯ ಹತ್ತಿರ ಚಾಪೆಯ ಮೇಲೆ ಕೂತು, ಯಾರೂ ಬರಲ್ಲ ಅವ್ವಾ, ನಾವು ಮನೆಯವರಷ್ಟೇ ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಹೊರಗೆ ಕಟ್ಟಿಗೆ ಇಳಿಸಿದ ಸದ್ದು. ಮೊದಲು ಬಂದವಳು ಲೊಫಿನಾ ಅಕ್ಕ. ಬರೀ ತಲೆ, ಹಳೆ ಚಿತೇಂಜೆ ಬಟ್ಟೆ ಸುತ್ತಿಕೊಂಡು, ಅವಳ ಹಿಂದೆ ಮಂಡಳಿಯವರೆಲ್ಲ ಹಾಗೆಯೇ ಬರೀ ತಲೆಯಲ್ಲಿ, ಒಬ್ಬಳು ಹಿಟ್ಟು, ಒಬ್ಬಳು ಸೊಪ್ಪು, ಇವತ್ತು ನಾವು ಮಂಡಳಿಯೋರಲ್ಲ ಕಣೇ, ನೆರೆಯೋರು ಅಂತ ಹೇಳಿಕೊಂಡೇ ಒಳಗೆ ಬಂದರು, ನೆರೆಯವರಾಗಿಯೇ ಸಭೆಯ ಹಾಡುಗಳನ್ನೆಲ್ಲ ಒಂದೂ ಬಿಡದೆ ಹಾಡಿದರು, ಸೈಲೆಸಿ ಬೇಲಿಯ ಆಚೆ ನಿಂತು ಕೇಳಿಸದವರ ಹಾಗೆ ಕೇಳಿಸಿಕೊಂಡರು. ಲೊಫಿನಾ ಅಕ್ಕ ನನ್ನ ಮುಖ ನೋಡದೆ ಅಂದಳು, ಸಾವಿನ ಮನೆ ಒಲೆಗೆ ಒಣ ಕಟ್ಟಿಗೆ ತಂದಿದೀನಿ, ಮಳೆಗಾಲಕ್ಕೆ ಅಂತ ಎತ್ತಿಟ್ಟಿದ್ದು, ಹೊಗೆ ಬರಲ್ಲ, ಅವಳ ಕಣ್ಣಿಗೆ ಹೊಗೆ ಸಾಕಾಗಿತ್ತು. ಇದನ್ನು ನಾನು ಯಾವತ್ತೂ ಮರೆಯುವುದಿಲ್ಲ, ದೇವರೇ, ಗಂಡನನ್ನು ಕಳೆದುಕೊಂಡವಳು ಅವನನ್ನು ಕೊಂದವಳ ಸಾವಿಗೆ ಒಣ ಕಟ್ಟಿಗೆ ತಂದಳು, ನನಗೆ ಬೇರೆ ಸ್ವರ್ಗ ಬೇಡ.

ಆದರೆ ನಾನೇನು ಮಾಡಿದೆ — ಗೋರಿಯ ಹತ್ತಿರ ಸೈಲೆಸಿ ನೆರೆಯವನಾಗಿ ನಾಲ್ಕು ಮಾತಾಡುತ್ತೇನೆ ಅಂದರು, ನೆರೆಯವನ ಮಾತು ಹಿರಿಯನ ಮಾತಾಯಿತು, ಬಾಗಿಲು ತೆರೆದಿರುವಾಗಲೇ ಒಳಗೆ ಬನ್ನಿ ಮಕ್ಕಳೇ, ಈ ತಾಯಿಗೆ ಇನ್ನು ಬಾಗಿಲಿಲ್ಲ ಅಂದುಬಿಟ್ಟರು, ನನ್ನ ಬಾಯಿಗೆ ಬಂದದ್ದು ಬಂತು, ನರಕ ಇಲ್ಲೇ ಇತ್ತು ಹಿರಿಯರೇ, ನಮ್ಮವ್ವ ಅದನ್ನ ಮುಗಿಸಿಕೊಂಡೇ ಹೋದ್ಲು, ಯಾರಿಗೂ ಇನ್ಯಾವ ನರಕಾನೂ ಬಾಕಿ ಇಲ್ಲ, ಎಲ್ಲಾ ಮುಗೀತು. ಲೊಫಿನಾ ಅಕ್ಕ ಗೋರಿಗೆ ಹಾಕಲು ಹಿಡಿ ಮಣ್ಣು ತೆಗೆದುಕೊಂಡು ನಿಂತಿದ್ದಳು, ಮುಗೀತು ಅಂದಾಗ ಅವಳ ಬೆರಳು ಬಿಟ್ಟುಕೊಂಡವು, ಮಣ್ಣು ಅವಳ ಕಾಲ ಮೇಲೇ ಬಿತ್ತು, ಅವಳು ತಿರುಗಿ ಮನೆಗೆ ನಡೆದುಬಿಟ್ಟಳು. ಸಭೆ ನನ್ನನ್ನು ಹೊರಗಿಟ್ಟಿದ್ದು ನನಗೆ ಅಷ್ಟೇನೂ ಅನ್ನಿಸಲಿಲ್ಲ, ಅವಳು ಮಾತು ಬಿಟ್ಟಿದ್ದು ಅನ್ನಿಸಿತು. ಯಾಕೆ ಬಿಟ್ಟಳು ಅಂತಲೂ ತಿಳಿಯಲಿಲ್ಲ, ಅವಳೂ ಸೈಲೆಸಿಯ ಪಕ್ಷವೇ ಅಂದುಕೊಂಡೆ, ಅವಳಿಗೂ ನಮ್ಮವ್ವ ಬೆಂಕಿಯಲ್ಲಿ ಬೇಯಬೇಕೇನೋ ಅಂದುಕೊಂಡೆ.

ಪಾದ್ರಿ ಮ್ಲೆಂಗಾ ಹೋದ ವಾರ ಮನೆಗೆ ಬಂದಿದ್ದರು, ಹೊಸಬರು, ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ, ಗೆಣಸು ಕೊಟ್ಟರೆ ಸಿಪ್ಪೆ ಸಮೇತ ತಿಂದರು, ನೀವಾದ್ರೂ ಹೇಳಿ ಅಯ್ಯನೋರೇ, ನರಕ ಇದೆಯಾ ಅಂದೆ. ಚಹಾ ಲೋಟದೊಳಗೆ ನೋಡುತ್ತಾ ಅಂದರು, ಇರಬೇಕು ತಾಯಿ, ಇಲ್ದಿದ್ರೆ ಹಸಿವಿನ ವರ್ಷ ಜೋಳ ಬಚ್ಚಿಟ್ಟು ಮಾರಿದೋರು ಎಲ್ಲಿಗೆ ಹೋಗ್ಬೇಕು ಹೇಳಿ. ನಾನು ಯೋಹಾನೆಯ ನಾಲಿಗೆ ನೆನೆಸಿಕೊಂಡೆ, ಅದೂ ಸರಿ ಅನ್ನಿಸಿತು, ಹೌದಲ್ಲ, ಅವರಿಗೊಂದು ಜಾಗ ಬೇಡವೇ. ಆದ್ರೆ ನಿಮ್ಮವ್ವ ಅಲ್ಲಿದಾರೆ ಅಂತ ನಾನು ಹೇಳಲ್ಲ ತಾಯಿ, ಆ ಬಾಗಿಲು ಕಾಯೋ ಕೆಲಸ ನಂಗ್ಯಾರೂ ಕೊಟ್ಟಿಲ್ಲ, ಆಮೇಲೆ ಮೆಲ್ಲಗೆ, ಹಿರಿಯರು ಮಗೂಗೆ ಎಲಿಜಬೆತ್ ಅಂತಿಡಲಿ ಅಂತಿದಾರೆ, ಎಲೂಬೆ ಅನ್ನೋ ಹೆಸರು ಸಭೆಯೊಳಗೆ ಕೂಗಬೇಕಾದೋರು ಲೊಫಿನಾ ತಾಯಿ, ಅವರು ಕೂಗ್ತಾರೋ ಇಲ್ವೋ. ಹೌದು, ನಮ್ಮಲ್ಲಿ ಹೆತ್ತವಳು ತಾನೇ ಕೂಸನ್ನು ಬೆನ್ನಿನಿಂದ ಬಿಚ್ಚುವಂತಿಲ್ಲ, ಮಂಡಳಿಯ ಅಧ್ಯಕ್ಷೆ ಎದ್ದು ಬಂದು ಗಂಟು ಬಿಚ್ಚಿ, ಎತ್ತಿಕೊಂಡು, ಊರಿಗೆ ಕೇಳುವ ಹಾಗೆ ಹೆಸರು ಕೂಗಬೇಕು, ಆಮೇಲೆ ನೀರು. ಅವಳು ಏಳದಿದ್ದರೆ ಕೂಸು ಬೆನ್ನ ಮೇಲೇ ವಾಪಸ್. ಗಂಡ ಗಿಲೆಸೋನಿ ಬೆಳಿಗ್ಗೆ ಕೋಳಿಯ ಕಾಲು ಕಟ್ಟುತ್ತಾ ಅಂದ, ಹೌದು ಅಂದುಬಿಡೇ ಮಾರಾಯ್ತಿ, ಒಂದು ಮಾತು, ಎಲಿಜಬೆತ್ ಆದ್ರೇನು ಎಲೂಬೆ ಆದ್ರೇನು, ಮನೇಲಿ ನೀನು ಕೂಗೋದು ಪುಟ್ಟಿ ಅಂತ ತಾನೇ, ಈ ಕೋಳಿ ಮುಖ ನೋಡಿಯಾದ್ರೂ ಒಪ್ಕೋ. ಒಳ್ಳೆಯವನು, ಯೋಚನೆ ಮಾತ್ರ ಹೊಟ್ಟೆಯಿಂದ ಮೇಲೆ ಏರುವುದಿಲ್ಲ.

ಮಾಲಿತಾ. ಕರೆದರು. ಬೆಸ್ಟಿನಿ ಎಚ್ಚರಾಗಿ ಮೊಣಕಾಲು ಸರಿಸಿ ದಾರಿ ಬಿಟ್ಟ, ಹೋಗಿ ಬಾ ತಂಗಿ, ನನ್ನ ಜಾಗ ನಾನೇ ಕಾಯ್ತೀನಿ ಅಂದ, ನಗು ಬಂತು, ಬೆನ್ನು ಒದ್ದೆ, ಸಿಮೆಂಟು ನೆಲ ತಣ್ಣಗೆ, ಎರಡೂ ಕಡೆಯಿಂದ ಕಣ್ಣು, ಅವ್ವಾ ನೀನು ಈ ದಾರಿ ನಡೆಯಲೇ ಇಲ್ಲ, ನನ್ನನ್ನು ನಡೆಸುತ್ತಿದ್ದೀಯ, ಏನು ಹೇಳಲಿ, ಹೌದು ಅನ್ನಲೇ, ಇಲ್ಲ ಅನ್ನಲೇ, ನನ್ನ ಜಾಗದಲ್ಲಿ ನೀನಿದ್ದರೆ ಮಕ್ಕಳಿಗಾಗಿ ಒಂದು ಸುಳ್ಳಲ್ಲ ನೂರು ಹೇಳುತ್ತಿದ್ದೆ, ಆದರೆ ಇದೊಂದನ್ನು ನೀನು ಹೇಳಿರಲಿಲ್ಲ — ಸೈಲೆಸಿ ಕನ್ನಡಕ ಏರಿಸಿಕೊಂಡರು, ಮಾಲಿತಾ, ಅವ್ವನ ಗೋರಿ ಹತ್ರ ನೀನು ಆಡಿದ ಮಾತು ತಪ್ಪು ಅಂತ ಒಪ್ಕೊಳ್ತೀಯಾ. ನಾನು ಸೈಲೆಸಿಯನ್ನು ನೋಡಬೇಕಿತ್ತು, ಕಣ್ಣು ಮೊದಲ ಸಾಲಿಗೆ ಹೋಯಿತು, ಲೊಫಿನಾ ಅಕ್ಕನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ವರ್ಷವಾಗಿತ್ತು, ಕೆನ್ನೆ ಇಳಿದಿದೆ, ಒಂಟಿಯಾಗಿ ಮಕ್ಕಳನ್ನು ಸಾಕಿದ ಮುಖ, ಅಗೆದು ಹೊತ್ತು ಕುಟ್ಟಿ ಸವೆದ ಮುಖ, ದಿನಾ ಬೆಳಿಗ್ಗೆ ಕೊಡ ಹೊತ್ತು ನಮ್ಮ ಅಂಗಳದ ಮುಂದೆ ಹಾದು ಹೋದ ಮುಖ, ಅಂಗಳದೊಳಗೆ ತಲೆ ತಗ್ಗಿಸಿದವಳ ನರಕ ನನಗೆ ಕಂಡಿತ್ತು, ಹಾದಿಯಲ್ಲಿ ತಲೆಯೆತ್ತಿ ನಡೆದವಳದು ಕಾಣಲೇ ಇಲ್ಲವಲ್ಲ, ಎಲ್ಲಾ ಮುಗೀತು ಅಂದೆನಲ್ಲ, ಯಾರಿಗೂ ಬಾಕಿ ಇಲ್ಲ ಅಂದೆನಲ್ಲ, ಅವಳು ಮಣ್ಣು ಹಿಡಿದು ಅಲ್ಲೇ ನಿಂತಿದ್ದಳಲ್ಲ. ಅದಕ್ಕೇ ಕೈ ಬಿಟ್ಟಿತು. ಅದಕ್ಕೇ ಹೋದಳು. ಬಾಯಿ ತ‌ನ್ನಷ್ಟಕ್ಕೆ ತೆರೆಯಿತು, ಹೌದು ಹಿರಿಯರೇ, ತಪ್ಪಾಡಿದೆ. ಸಭೆ ಉಸಿರು ಬಿಟ್ಟಿತು, ಗಂಡಸರ ಕಡೆ ಗಿಲೆಸೋನಿ ಕೋಳಿ ಗೆದ್ದವನ ಹಾಗೆ ಕೂತ, ನಾನು ನಿಲ್ಲಿಸಲಿಲ್ಲ, ನಮ್ಮವ್ವ ಎಲ್ಲಿದಾಳೆ ಅಂತ ನಂಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆದ್ರೆ ಎಲ್ಲಾ ಮುಗೀತು ಅಂದೆನಲ್ಲ, ಅದು ತಪ್ಪು, ಲೊಫಿನಾ ಅಕ್ಕಂದು ಮುಗಿದಿರಲಿಲ್ಲ, ನಮ್ಮ ಮನೆಯಿಂದ ಹೋದ ಬೆಂಕಿ ಅದು, ನಾನು ನೋಡಲಿಲ್ಲ, ಅವ್ವ ನೋಡಿದ್ದಳು, ಹೇಳಕ್ಕೆ ಅಂತ ಎಷ್ಟೋ ಸಲ ಹೊರಟು ಬಾವಿ ತಿರುವಿಂದ ವಾಪಸ್ ಬಂದ್ಲು, ಅವಳ ಬದಲು ನಾನು ಹೇಳ್ತಿದೀನಿ ಅಕ್ಕಾ, ತಪ್ಪಾಯ್ತು.

ಸೈಲೆಸಿ ಕೇಳಿದ್ದು ಇದಲ್ಲ, ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಪಾದ್ರಿಯ ಕಡೆ ನೋಡಿದರು, ಪಾದ್ರಿ ಮ್ಲೆಂಗಾ ನೀರಿನ ಬೋಗುಣಿ ನೋಡುತ್ತಾ, ಒಪ್ಕೊಂಡ್ರಲ್ಲ ಹಿರಿಯರೇ, ಸಾಕು ಅಂದರು. ಮೊದಲ ಸಾಲು ಅಲ್ಲಾಡಲಿಲ್ಲ. ಕೂಸು ಬೆನ್ನ ಮೇಲೆ ಬಿಕ್ಕಳಿಸುತ್ತಿದೆ, ಒಂದೊಂದು ಬಿಕ್ಕಳಿಕೆಗೂ ನನ್ನ ಮೈ ಅಲುಗುತ್ತಿದೆ, ಏಳುವುದಿಲ್ಲ ಅವಳು, ಏಳದಿದ್ದರೂ ಸರಿ ಅಕ್ಕಾ, ಒಣ ಕಟ್ಟಿಗೆಯ ಋಣವೇ ನನಗೆ ಸಾಕು — ಬೆಂಚು ಕಿರುಗುಟ್ಟಿತು. ಎದ್ದಳು. ಬಂದಳು, ಒರಟು ಬೆರಳು ನನ್ನ ಎದೆಯ ಮೇಲಿನ ಗಂಟಿಗೆ ಬಿತ್ತು, ಒದ್ದೆಗೆ ಗಂಟು ಬಿಗಿದುಕೊಂಡಿದೆ, ಬಿಚ್ಚುವುದಿಲ್ಲ, ಉಗುರು ಹಾಕಿ ಎಳೆಯುತ್ತಿದ್ದಾಳೆ, ನನ್ನ ಕಿವಿಗಷ್ಟೇ ಕೇಳುವ ಹಾಗೆ, ಮಗು ಚಳೀಲಿ ನೆನೆದಿದೆ, ನಿನಗೆ ನಿನ್ನ ಭಾಷಣದ ಚಿಂತೆ ಅಂದಳು, ಆಮೇಲೆ ಇನ್ನೂ ಮೆಲ್ಲಗೆ, ಆ ಕುಂಬಳಕಾಯಿ ನಾನು ನೋಡ್ತಿದ್ದೆ ಕಣೇ, ಬಾವಿ ಹತ್ರದಿಂದ, ನಾನಾದ್ರೂ ಕರೀಬೌದಿತ್ತು. ಗಂಟು ಬಿಟ್ಟಿತು, ಬೆನ್ನಿಗೆ ತಟ್ಟನೆ ಚಳಿ, ಕೂಸು ಅವಳ ಕೈಯಲ್ಲಿ, ಅವಳು ಸಭೆಯ ಕಡೆ ತಿರುಗಿ ನಿಂತು ಉಸಿರೆಳೆದುಕೊಂಡಳು, ನಾನು ಕಣ್ಣು ಮುಚ್ಚಿದೆ.

ಎಲೂಬೆ. ಹಿಂದಿನ ಗೋಡೆಗೆ ಹೋಗಿ ಬಡಿಯುವ ಹಾಗೆ ಕೂಗಿದಳು, ಹೊರಗೆ ಮಾವಿನ ಮರದವರೆಗೂ ಕೇಳಿರಬೇಕು, ಕಣ್ಣು ತೆರೆದಾಗ ಪಾದ್ರಿ ಆಗಲೇ ಬೊಗಸೆಯಲ್ಲಿ ನೀರೆತ್ತಿದ್ದರು, ನೀರು ಕೂಸಿನ ಹಣೆಯಿಂದ ಇಳಿದು ಲೊಫಿನಾ ಅಕ್ಕನ ಕೈಗೆ, ಕೈಯಿಂದ ಮೊಣಕೈಗೆ, ಅಲ್ಲಿ ಒಂದು ಹನಿ ನಿಂತಿದೆ — ಮಂಡಳಿಯವರು ಹಾಡು ಎತ್ತಿಕೊಂಡರು, ಇನ್ನು ಮನೆಗೆ ಹೋಗಿ ಒಲೆ ಹಚ್ಚಬೇಕು, ಕೋಳಿ, ನ್ಸೀಮಾ, ರವಿಕೆ ಒಗೆದು ನಾದಿನಿಗೆ, ಲೊಫಿನಾ ಅಕ್ಕನಿಗೆ ಒಂದು ಕುಂಬಳಕಾಯಿ, ಇಲ್ಲ, ಎರಡು, ಅವ್ವಾ ನೀನು ಎಲ್ಲಿದ್ದರೂ — ಆ ಹನಿ, ಮೊಣಕೈಯ ತುದಿಯಲ್ಲಿ, ಚಳಿಗೆ ಅವಳ ತೋಳೆಲ್ಲ ಮುಳ್ಳೆದ್ದಿದೆ, ಒರೆಸಿಕೊಂಡರೆ ಕೂಸು ಅಲುಗುತ್ತದೆ ಅಂತ ಒರೆಸಿಕೊಳ್ಳುತ್ತಿಲ್ಲ, ದೇವರೇ ನಿನಗೆ — ಆ ಹನಿ, ಇನ್ನೂ ಬಿದ್ದಿಲ್ಲ, ಅವಳು ಕೈ ಅಲುಗಿಸುತ್ತಿಲ್ಲ